ಎರಡೂರಿನ ಬೆಂಕಿರೋಗ

ಮಗಳ ಕಿವಿನೋವಿಗೆಂದು ಹೊಸನಗರದಲ್ಲಿ ಡಾಕ್ಟರಿಗಾಗಿ ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ಯಾರೋ ಭಾವ, ಭಾವಮೈದ ಕೂತಿದ್ದರು. ಭಾವಮೈದನ ಎಡಗೈಗೆ ಸುತ್ತಿದ ಟವೆಲ್ಲಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಮಗಳ ಮುಖವನ್ನು ನನ್ನ ಸೆರಗಿಗೆ ಒತ್ತಿಕೊಂಡೆ.

“ತಲೆಗೇ ಕತ್ತಿ ಬೀಸಿದ್ರಲ್ಲ ಭಾವ! ಕೈ ಅಡ್ಡ ಕೊಡದಿದ್ರೆ ಅಕ್ಕ ಸಂತೆಯಿಂದ ಬಂದು ನನ್ನ ಹೆಣ ನೋಡ್ತಿದ್ಲು.”

“ನೀ ಕೊಟ್ಟ ಭತ್ತ ಬಿತ್ತಿ ನನ್ನ ಗದ್ದೆ ಪೂರ್ತಿ ಬೆಂಕಿರೋಗಕ್ಕೆ ಸುಟ್ಟೋಯ್ತು ಹೂವಪ್ಪಾ. ರೋಗದ ಬೀಜ ಕೊಟ್ಟೆ ನೀನು.”

“ತೀರ್ಥಹಳ್ಳೀಲಿ ನಾನೂ ಅದನ್ನೇ ಬಿತ್ತಿದ್ದು. ಒಂದು ಗರಿ ಸುಟ್ಟಿಲ್ಲ.”

“ಅದಕ್ಕೇ ಕಡಿದಿದ್ದು! ನಿಂಗೆ ಒಳ್ಳೇದು, ನಂಗೆ ಕೆಟ್ಟದ್ದು.”

“ಕೃಷಿ ಆಫೀಸರನ್ನ ಕೇಳ್ದೆ. ರೋಗ ಒಂದೇ ಆದ್ರೂ ಅದ್ರ ಬೂಷ್ಟಲ್ಲಿ ಬೇರೆ ಬೇರೆ ಜಾತಿ ಇದಾವಂತೆ. ನಮ್ಮೂರಿನ ಬೂಷ್ಟನ್ನ ಈ ಭತ್ತ ತಡೆಯುತ್ತೆ, ನಿಮ್ಮೂರಿಂದು ಬೇರೆ ಇರ್ಬೇಕು ಅಂದ್ರು.”

“ಮೊದ್ಲೇ ಬೊಗಳೋಕೆ ಏನಾಗಿತ್ತು?”

“ಹೇಳೋಕೇ ಬಂದಿದ್ದೆ. ಅಂಗಳಕ್ಕೆ ಕಾಲಿಡ್ತಿದ್ದ ಹಾಗೇ ಕಡಿದ್ರಲ್ಲ!”

ಭಾವ ತಲೆ ತಗ್ಗಿಸಿದ. ನರ್ಸ್ ಕರೆದಾಗ ಇಬ್ಬರೂ ಎದ್ದರು.

“ಸೊಂಟದ ಕತ್ತಿ ಹೊರಗಿಟ್ಟು ಬನ್ನಿ,” ಎಂದಳು ನರ್ಸ್.

ಭಾವ ಕತ್ತಿಯನ್ನು ಬೆಂಚಿನಡಿ ತಳ್ಳಿ, ಭಾವಮೈದನ ತೋಳು ಹಿಡಿದ.

“ನಿನ್ನಕ್ಕಂಗೆ ಏನು ಹೇಳ್ತೀಯ?”

“ಹುಲ್ಲು ಕೊಯ್ಯೋವಾಗ ಆಯ್ತು ಅಂತೀನಿ. ಬೀಜ ಒಳ್ಳೇದೇ ಇತ್ತು ಅಂತ ನೀವು ಹೇಳಿ.”

ಬಾಗಿಲು ಮುಚ್ಚಿತು.