ಎರಡನೆಯ ಹೆಸರಿನ ಕಾಲಂ

ವೇದಿಕೆಯ ಮೇಲಿರುವ ಹಿರಿಯರಿಗೆ, ಶಹಾಪುರದಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿರುವ ಇನಾಯತ ಅವರ ತಂಗಿ ನಜೀಮಾ ಅವರಿಗೆ, ನಮ್ಮ ಸ್ನಾತಕೋತ್ತರ ಕೇಂದ್ರದ ಎಲ್ಲ ಬಳಗಕ್ಕೆ — ನಮಸ್ಕಾರ. ನಾನು ಮಲ್ಲೇಶ್ವರಿ, ಪರೀಕ್ಷಾ ವಿಭಾಗದಾಕೆ. ನನಗೆ ಭಾಷಣ ಬರುವುದಿಲ್ಲ. ಅಂಕಪಟ್ಟಿ ತಡವಾಯಿತೆಂದು ಜಗಳಕ್ಕೆ ಬಂದವರ ಜೊತೆ ಮಾತಾಡಿ ಮಾತ್ರ ರೂಢಿ.

ಕಂಪ್ಯೂಟರ್ ವಿಭಾಗದ ಇನಾಯತ ತೀರಿಕೊಂಡು ಇವತ್ತಿಗೆ ಹನ್ನೆರಡು ದಿನ. ಎದೆ ಹಿಡಿದಂತಾಗಿದೆ ಎಂದು ಅರ್ಧ ದಿನದ ರಜೆ ಬರೆದು ಹೋದರು. ಆ ಚೀಟಿ ಇನ್ನೂ ನನ್ನ ಮೇಜಿನ ಮೇಲಿದೆ — ಅರ್ಧ ದಿನ ಎಂದೇ ಇದೆ.

ಮೂರು ವರ್ಷದ ಹಿಂದೆ ಇದೇ ಸಭಾಂಗಣದಲ್ಲಿ, ನಮ್ಮ ಕಡತಗಳನ್ನು ಯಾವ ಕ್ಲೌಡ್‌ನಲ್ಲಿ ಇಡಬೇಕು ಎಂಬ ಚರ್ಚೆ ನಡೆಯಿತು. ವಿಶ್ವಾರಾಧ್ಯ ಸರ್ — ಅಲ್ಲಿ ಕೂತಿದ್ದಾರೆ, ತಲೆ ತಗ್ಗಿಸಬೇಡಿ ಸರ್ — ಎದ್ದು ನಿಂತು, ನಮ್ಮ ಕಡೆಯ ಮೋಡವನ್ನು ನಂಬಿ ಯಾರು ಉದ್ಧಾರವಾಗಿದ್ದಾರೆ ಎಂದು ಕೇಳಿದರು. ಎಲ್ಲರೂ ನಕ್ಕೆವು. ಇನಾಯತ ಮಾತ್ರ ನಗಲಿಲ್ಲ.

"ಇದು ಮೋಡ ಅಲ್ರಿ ಸರ್, ಡ್ಯಾಮ್ ಅದ. ನೀರು ಎಷ್ಟದ ಅನ್ನೋದಲ್ಲ, ಗೇಟಿನ ಕೀಲಿ ಯಾರ ಕಡೆ ಅದ ಅನ್ನೋದು ನೋಡಬೇಕ್ರಿ."

ಇನಾಯತ ಅವರ ತಂದೆ ನಾರಾಯಣಪುರದ ಡ್ಯಾಮಿನಲ್ಲಿ ಗೇಟ್ ಕಾಯುತ್ತಿದ್ದರು. ಕೀಲಿ ಒಬ್ಬನ ಜೇಬಿನಲ್ಲೇ ಇದ್ದರೆ ಕೆಳಗಿನ ಊರುಗಳಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರಂತೆ.

ಕ್ಲೌಡ್‌ನಲ್ಲಿ ಕಡತ ಇಡುವ ಜಾಗ ಎರಡು ಬಗೆ. ಒಂದು ಅವರವರ ಹೆಸರಿನದು. ಆಸಾಮಿ ಹೋದರೆ ಮೂವತ್ತು ದಿನಕ್ಕೆ ಅದೂ ಅಳಿಸಿಹೋಗುತ್ತದೆ. ಇನ್ನೊಂದು ವಿಭಾಗದ ಹೆಸರಿನದು, ಯಾರು ಹೋದರೂ ಉಳಿಯುತ್ತದೆ. ನಮಗೆಲ್ಲ ನಮ್ಮ ನಮ್ಮದೇ ಬೇಕಿತ್ತು. ಇನಾಯತ ಹಟ ಹಿಡಿದು ಎರಡನೆಯದನ್ನೇ ಮಾಡಿಸಿದರು. ನಲವತ್ತೊಂದು ಫೋಲ್ಡರ್ — ಅವರ ಬಾಯಲ್ಲಿ 'ಪೆಟಗಿ'. ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ತೆರೆಯಲೆಂದು ಒಂದೊಂದು ಪೆಟಗಿಗೂ ಇಬ್ಬರ ಹೆಸರು. ಎರಡನೆಯ ಹೆಸರು ಸಿಗದ ಕಡೆಯೆಲ್ಲ ತಮ್ಮದೇ ಹಾಕಿಕೊಂಡರು. ನನ್ನ ಪೆಟಗಿಗೂ ಅವರದೇ ಇದೆ.

ನಾನು ಕಡತಗಳಿಗೆ 'ಕೊನೆಯದು', 'ಖರೇ ಕೊನೆಯದು', 'ಇದೇ ಖರೇ ಕೊನೆಯದು' ಎಂದು ಹೆಸರಿಡುತ್ತಿದ್ದೆ. ಅದಕ್ಕೂ ಬಂದು ಬೈದರು. "ಕೊನೀದು ಯಾವುದಂತ ಯಾರಿಗೆ ಗೊತ್ತಾಗ್ತದ್ರಿ ಮೇಡಂ? ತಾರೀಖು ಹಾಕ್ರಿ, ಸಾಕು."

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ನಜೀಮಾ ಅವರೇ, ನಿಮಗೆ ನಿನ್ನೆ ಹೇಳಿದ್ದೇನೆ, ಎಲ್ಲರ ಮುಂದೆಯೂ ಹೇಳಬೇಕು.

ಅವರ ಸ್ವಂತ ಜಾಗದಲ್ಲಿ ಒಂದೇ ಒಂದು ಪೆಟಗಿ ಇತ್ತು. ಅದರ ಹೆಸರು 'ಅಮ್ಮಿ'. ತೀರಿಹೋದ ತಾಯಿಯ ಕಡೆಯ ವರ್ಷ, ಪ್ರತಿ ಶುಕ್ರವಾರ ಪಕ್ಕದಲ್ಲಿ ಕೂತು ಅವರ ಮಾತು ರೆಕಾರ್ಡ್ ಮಾಡಿ ಅಲ್ಲಿಟ್ಟಿದ್ದರು. ಫೋನು ಕೆಟ್ಟುಹೋದ ಮೇಲೆ ಬೇರೆಲ್ಲೂ ಉಳಿದಿಲ್ಲ. ಮನೆಯ ಮಾತನ್ನು ವಿಭಾಗದ ಹೆಸರಿನಲ್ಲಿ ಇಡುವ ಮನುಷ್ಯ ಅವರಲ್ಲ. ತಂಗಿಯ ಹೆಸರು ಸೇರಿಸೋಣವೆಂದರೆ ಸಿಬ್ಬಂದಿಯ ಹೆಸರು ಬಿಟ್ಟು ಬೇರೆ ಹೆಸರು ಅದು ತೆಗೆದುಕೊಳ್ಳುವುದಿಲ್ಲ. ಅದಕ್ಕೇ ನನ್ನ ಹತ್ತಿರ ಬಂದರು. ಬಾಗಿಲಲ್ಲೇ ನಿಂತು, "ನಂದೊಂದು ಸಣ್ಣ ಪೆಟಗಿ ಅದ ಮೇಡಂ, ಅದಕ್ಕ ನಿಮ್ಮ ಹೆಸರು ಹಾಕ್ಲೇನ್ರಿ?" ಎಂದರು.

ನಾನು ಪರೀಕ್ಷೆ ಮುಗಿಯಲಿ ಎಂದೆ.

ಮತ್ತೆ ಬಂದರು. ಫಲಿತಾಂಶ ಬರಲಿ ಎಂದೆ. ಮೂರನೆಯ ಸಲ ಬಂದಾಗ ನಾನು ತಲೆ ಎತ್ತಲೇ ಇಲ್ಲ. — ಒಂದು ಗುಂಡಿ ಒತ್ತುವ ಕೆಲಸ. ಇಡೀ ಕೇಂದ್ರಕ್ಕೆ ಎರಡನೆಯ ಹೆಸರಾಗಿದ್ದವರಿಗೆ ಒಂದು ಎರಡನೆಯ ಹೆಸರು ಸಿಗಲಿಲ್ಲ. ಅಷ್ಟು ಜನರ ನಡುವೆ ಅವರು ಒಬ್ಬರೇ ಇದ್ದರು, ನನಗೆ ಅದು ಕಾಣಲಿಲ್ಲ. ನನ್ನದು ತಪ್ಪು. ಕೆಲಸದ ನೆಪ ಹೇಳುವುದಿಲ್ಲ.

ಮುಖ್ಯ ಕಚೇರಿಗೆ ಬರೆದೆವು. ಸ್ವಂತದ್ದನ್ನು ತೆರೆಯಲು ನಿಯಮವಿಲ್ಲ ಎಂದರು. ಅದು ಅಳಿಸಿಹೋಗಲು ಇನ್ನು ಹದಿನೆಂಟು ದಿನ. ನಿನ್ನೆ ನಾನೇ ಆ ಪೆಟಗಿಗೆ ನನ್ನ ಹೆಸರು ಕೊಟ್ಟೆ. ಪರದೆಯ ಮೇಲೆ ಹೀಗೆ ಬಂತು: 'ನಿಮ್ಮ ಕೋರಿಕೆಯನ್ನು ಇನಾಯತ ಅವರಿಗೆ ಕಳಿಸಲಾಗಿದೆ. ಅವರು ಒಪ್ಪಿದ ಕೂಡಲೇ ನಿಮ್ಮ ಫೋನಿಗೆ ತಿಳಿಸಲಾಗುವುದು.'

ಬಾಗಿಲ ಬಳಿ ಒಂದು ಹಾಳೆ ಇಟ್ಟಿದ್ದೇನೆ. ಅವರ ಹೆಸರಿದ್ದ ಹನ್ನೊಂದು ಪೆಟಗಿಗಳಿಗೆ ಈಗ ತಲಾ ಒಬ್ಬರೇ ಇದ್ದಾರೆ. ಹೋಗುವಾಗ ಯಾರಾದರೂ ಹೆಸರು ಬರೆಯಿರಿ. ನಾಳೆ ಎನ್ನಬೇಡಿ.

ಈಗ ಎಲ್ಲರೂ ಏಳೋಣ. ಎರಡು ನಿಮಿಷ ಅವರಿಗಾಗಿ ಸುಮ್ಮನೆ ನಿಲ್ಲೋಣ. ದಯವಿಟ್ಟು ನಿಮ್ಮ ನಿಮ್ಮ ಫೋನು ಬಂದ್ ಮಾಡಿ —

ನನ್ನದೊಂದು ಚಾಲೂ ಇರಲಿ.