ಮೂವತ್ತೊಂದು ಹೆಬ್ಬೆಟ್ಟು

ಈ ಸಂತಾಪ ಸಭೆಯ ಅಧ್ಯಕ್ಷರಾದ ಮಹಾಲಿಂಗಯ್ಯನವರೇ, ಮೇದಪ್ಪ ಮಾಸ್ತರರ ಆರು ಪುಸ್ತಕಗಳನ್ನೂ ಅಚ್ಚು ಹಾಕಿದ ಕೃಷ್ಣಮೋಹನರೇ, ಮುಂದಿನ ಸಾಲಿನಲ್ಲಿ ಗೋಡೆಯ ಬದಿಗೆ ಕುಳಿತಿರುವ ಮಾಸ್ತರರ ಪತ್ನಿ ತಿಮ್ಮಕ್ಕನವರೇ, ಮರ್ಕಂಜ, ಪಂಜ, ಕಡಬದಿಂದೆಲ್ಲ ಬೆಳಗ್ಗಿನ ಬಸ್ಸು ಹಿಡಿದು ಪುತ್ತೂರಿಗೆ ಬಂದ ಸಭಿಕರೇ,

ನನಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಬಿ.ಎ. ಓದುವಾಗ ಒಮ್ಮೆ ವಂದನಾರ್ಪಣೆಗೆ ನಿಲ್ಲಿಸಿದ್ದರು. ಎಲ್ಲರಿಗೂ ವಂದಿಸಿ ಮುಖ್ಯ ಅತಿಥಿಗಳನ್ನೇ ಮರೆತುಬಿಟ್ಟಿದ್ದೆ. ಇವತ್ತು ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ಆದರೆ ಹೇಳಬೇಕಾದ ವಿಷಯ ಚೀಟಿಯಲ್ಲಿಲ್ಲ.

ಅಧ್ಯಕ್ಷರು ಈಗಷ್ಟೇ ನಿಮಗೊಂದು ಸುದ್ದಿ ಹೇಳಿದರು. ಮಾಸ್ತರರು ಅರ್ಧಕ್ಕೆ ಬಿಟ್ಟುಹೋದ ಏಳನೆಯ ಭಾಗವನ್ನು ಸಾಹಿತ್ಯ ಓದಿದ ದಮಯಂತಿಯೇ, ಅಂದರೆ ನಾನೇ, ಪೂರ್ತಿ ಮಾಡಿಕೊಡಬೇಕೆಂದು ಓದುಗರ ಬಳಗ ತೀರ್ಮಾನಿಸಿದೆ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಸಭೆಯಲ್ಲೇ ಉತ್ತರ ಹೇಳುತ್ತೇನೆ ಎಂದು ನಾನು ಬಳಗದವರಿಗೆ ಮೊದಲೇ ತಿಳಿಸಿದ್ದೆ. ಆ ಉತ್ತರ ಹೇಳುವುದಕ್ಕಾಗಿ ನಿಂತಿದ್ದೇನೆ.

‘ಏಳು ಕಡವು’ ಓದದವರು ಈ ಸಭಾಂಗಣದಲ್ಲಿ ಯಾರೂ ಇರಲಾರರು. ಆದರೂ ಗಂಡಂದಿರ ಜೊತೆಗೆ ಸುಮ್ಮನೆ ಬಂದವರು ನಾಲ್ಕಾರು ಮಂದಿ ಇರಬಹುದು, ಅವರಿಗಾಗಿ ಹೇಳುತ್ತೇನೆ. ಮೇಲ್ಮುಖವಾಗಿ, ಬೆಟ್ಟದ ಕಡೆಗೆ ಹರಿಯುವ ಒಂದು ಹೊಳೆ. ಅದಕ್ಕೆ ಏಳು ಕಡವುಗಳು, ದೋಣಿಯಲ್ಲಿ ದಾಟುವ ಜಾಗಗಳು. ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ನೀಲಿ ಎಂಬ ಹುಡುಗಿ ಒಂದೊಂದೇ ಕಡವು ದಾಟುತ್ತಾಳೆ. ದಾಟಿಸುವವನು ಬೋಳು ತಲೆಯ ಮುದುಕ ಅಂಬಿಗ. ಪ್ರತಿ ಕಡವಿನಲ್ಲೂ ಹೊಳೆಗೆ ಏನಾದರೊಂದು ಕೊಡಬೇಕು. ಮೊದಲನೆಯದರಲ್ಲಿ ನೀಲಿ ನೆರಳು ಕೊಟ್ಟಳು. ಎರಡನೆಯದರಲ್ಲಿ ಹೆಸರು. ಮೂರನೆಯದರಲ್ಲಿ ಉಪ್ಪಿನ ರುಚಿ. ಆರನೆಯ ಭಾಗದ ಕೊನೆಯ ಪುಟದಲ್ಲಿ ಹೊಳೆ ಹೇಳುತ್ತದೆ: ಏಳನೆಯ ಕಡವಿನಲ್ಲಿ ನನಗೆ ಅಂಬಿಗನೇ ಬೇಕು.

ಅಲ್ಲಿಗೆ ಪುಸ್ತಕ ಮುಗಿಯಿತು. ಅದು ಅರುವತ್ತಮೂರರ ದೀಪಾವಳಿ. ಏಳನೆಯದಕ್ಕಾಗಿ ನಾವೆಲ್ಲ ಎರಡು ವರ್ಷ ಕಾದೆವು. ಕಳೆದ ತಿಂಗಳು ಮಾಸ್ತರರೇ ಹೋದರು. ಈ ವೇದಿಕೆಯಿಂದ ಎಲ್ಲರೂ ಹೇಳಿದ್ದು ಒಂದೇ ಮಾತು: ಮಾಸ್ತರರಿಗೆ ಕಾಯಿಲೆ, ಆಯುಷ್ಯ ಸಾಕಾಗಲಿಲ್ಲ, ವಿಧಿ ಬರೆಯಲು ಬಿಡಲಿಲ್ಲ. ವಿಧಿಯೇ ಬಿಡದಿದ್ದುದು? ಆ ಪುಸ್ತಕ ಮುಗಿಯದೆ ಉಳಿದದ್ದು ಯಾರಿಂದ? ಅದು ನನಗೆ ಗೊತ್ತಿದೆ. ಹಾಗಾಗಿ ಸ್ವಲ್ಪ ನಮ್ಮ ಮನೆಯ ಕಥೆ ಹೇಳಬೇಕಾಗುತ್ತದೆ, ಕ್ಷಮಿಸಿ.

ನಮ್ಮ ಮನೆ ಉಪ್ಪಿನಂಗಡಿಯಲ್ಲಿ, ಹೊಳೆಯ ಬದಿಗೆ. ನನ್ನ ಅಮ್ಮ ಸುಂದರಿ ಬೀಡಿ ಕಟ್ಟುತ್ತಾರೆ. ಮಧ್ಯಾಹ್ನ ಗಂಜಿ ಉಂಡ ಮೇಲೆ ಅಕ್ಕಪಕ್ಕದ ಹೆಂಗಸರೂ ಎಲೆ, ಹೊಗೆಸೊಪ್ಪಿನ ಪುಡಿ, ನೂಲು ತಂದು ನಮ್ಮ ಜಗಲಿಯಲ್ಲಿ ಕೂರುತ್ತಾರೆ. ಒಂದು ಕಟ್ಟು ಮುಗಿಯುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಮುಗಿದಿರುತ್ತದೆ. ಮತ್ತೆ ಎಂತ ಮಾಡುದು? ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ ವಾಚನಾಲಯದಿಂದ ‘ಏಳು ಕಡವು’ ಮೊದಲ ಭಾಗ ತಂದೆ. ಗಟ್ಟಿಯಾಗಿ ಓದು ಎಂದರು. ಒಂದು ಪುಟ ಕನ್ನಡದಲ್ಲಿ ಓದುವುದು, ಅದನ್ನೇ ತುಳುವಿನಲ್ಲಿ ಹೇಳುವುದು. ನಾನೂ ಬೀಡಿ ಕಟ್ಟಬೇಕಿತ್ತಲ್ಲ? ನನ್ನ ಪಾಲಿನ ಬೀಡಿಯನ್ನು ಒಂಬತ್ತು ಮಂದಿ ಸೇರಿ ಕಟ್ಟಿಕೊಟ್ಟರು. ಅದೇ ಕ್ರಮವಾಯಿತು. ನಾನು ಓದಿದೆ, ಅವರು ನನ್ನ ಬೀಡಿ ಕಟ್ಟಿದರು. ನಾನು ಬಿ.ಎ. ಆದದ್ದೂ ಹಾಗೆಯೇ. ನನ್ನ ಪದವಿಯ ವಾಸನೆ ನೋಡಿದರೆ ನಿಮಗೆ ಸೀನು ಬಂದೀತು.

ಕಥೆ ಕೇಳುವಾಗ ಅವರು ಸುಮ್ಮನಿರುವವರಲ್ಲ. ನೀಲಿ ಉಪ್ಪಿನ ರುಚಿ ಕೊಟ್ಟ ದಿನ ಎಲ್ಲರಿಗೂ ತಡೆಯಲಾಗದ ಸಂಕಟ. ನೆರಳು ಹೋದರೆ ಹೋಗಲಿ, ಹೆಸರು ಹೋದರೆ ಬೇರೆ ಇಟ್ಟುಕೊಳ್ಳಬಹುದು, ಉಪ್ಪಿಲ್ಲದ ಗಂಜಿ ಹೇಗೆ ಉಣ್ಣುವುದು ಎಂದು ಪಕ್ಕದ ಮನೆಯ ಅಮ್ಮಕ್ಕ ಮಾಸ್ತರರಿಗೆ ಬೈದದ್ದು ಇವತ್ತಿಗೂ ನೆನಪಿದೆ. ಆದರೆ ನನ್ನ ಅಮ್ಮ ಯಾವತ್ತೂ ಏನೂ ಹೇಳುತ್ತಿರಲಿಲ್ಲ. ಅಂಬಿಗನ ಮಾತು ಬಂದಾಗ ಅವರ ಕೈ ನಿಧಾನವಾಗುತ್ತಿತ್ತು, ಅಷ್ಟೆ.

ನನ್ನ ಅಪ್ಪ ಬೋಜ ಕೂಡ ಅಂಬಿಗ. ಕುಮಾರಧಾರೆಯ ಒಂದು ಕಡವಿನಲ್ಲಿ, ಕಡಬದ ಕಡೆಗೆ, ದೋಣಿ ನಡೆಸುತ್ತಿದ್ದರು. ಐವತ್ತೈದರ ಆಟಿ ತಿಂಗಳ ಮಳೆಗೆ ಹೊಳೆ ತುಂಬಿ ಕಡವು ನಿಲ್ಲಿಸಿದ್ದರು. ಒಂದು ಮಧ್ಯಾಹ್ನ ಆಚೆ ದಡದಿಂದ ಯಾರೋ ಕೂ ಹಾಕಿದರು. ಕೂ ಹಾಕಿದವರನ್ನು ದಡದಲ್ಲಿ ಬಿಡಬಾರದು ಎಂದು ಅಪ್ಪ ದೋಣಿ ಬಿಚ್ಚಿದರು. ನನಗಾಗ ಹನ್ನೆರಡು. ನಾನು ನೋಡುತ್ತಿದ್ದೆ. ಆಮೇಲೆ ಆಚೆ ದಡದವರನ್ನು ಕೇಳಿದರೆ, ನಾವು ಯಾರೂ ಕೂ ಹಾಕಲಿಲ್ಲ ಎಂದರು. ದೋಣಿ ಮೂರು ದಿನ ಕಳೆದು ಉಪ್ಪಿನಂಗಡಿ ಸಂಗಮದಲ್ಲಿ ಮಗುಚಿ ಸಿಕ್ಕಿತು. ಅಪ್ಪ ಸಿಕ್ಕಲಿಲ್ಲ.

ಬೊಜ್ಜ ಮಾಡಬೇಕು, ಉತ್ತರಕ್ರಿಯೆ ಆಗದೆ ಬಿಡಬಾರದು ಎಂದು ಸಂಬಂಧಿಕರು ಹೇಳಿದರು. ಅಮ್ಮ ಒಪ್ಪಲಿಲ್ಲ. “ಸಿಕ್ಕಿದ್ದು ದೋಣಿ. ದೋಣಿಗೆ ಬೊಜ್ಜ ಮಾಡ್ಲಿಕ್ಕೆ ಉಂಟಾ?” ಎಂದರು. ಬಳೆ ತೆಗೆಯಲಿಲ್ಲ. ನನ್ನನ್ನು ಕರೆದುಕೊಂಡು ಉಪ್ಪಿನಂಗಡಿಗೆ ಬಂದು ಮನೆ ಮಾಡಿದರು. ಯಾಕೆ ಇಲ್ಲಿಗೆ ಎಂದು ಕೇಳಿದವರಿಗೆ, ನೀರು ತಂದದ್ದೆಲ್ಲ ಇಲ್ಲಿಗೇ ಬರುದಲ್ಲವಾ ಎನ್ನುತ್ತಿದ್ದರು.

ಇಷ್ಟು ಹೇಳುವ ಯೋಚನೆ ನನಗಿರಲಿಲ್ಲ. ಇರಲಿ.

ಆರನೆಯ ಭಾಗ ಓದಿ ಮುಗಿಸಿದ ದಿನ ಜಗಲಿಯವರು ಬೀಡಿ ಎಲೆ ಕಟ್ಟಿಕೊಂಡು ಬೇಗನೆ ಎದ್ದರು. ಅಂಬಿಗ ಸಾಯುತ್ತಾನೆ ಎಂದು ಎಲ್ಲರಿಗೂ ತಿಳಿಯಿತು. ನನಗೆ ಭಯವಾಯಿತು. ಅಚ್ಚಾದ ಪುಸ್ತಕದಲ್ಲಿ ಅಂಬಿಗ ಸತ್ತರೆ, ಅದನ್ನು ನಾನೇ ನನ್ನ ಬಾಯಿಂದ ಅಮ್ಮನ ಎದುರು ಓದಬೇಕು, ಓದಿ ಮತ್ತೆ ತುಳುವಿನಲ್ಲಿಯೂ ಹೇಳಬೇಕು. ಅದು ನನ್ನಿಂದಾಗದು. ಕೊನೆಗೆ ಜನವರಿಯಲ್ಲಿ ಅಂಚೆ ಕಚೇರಿಗೆ ಹೋಗಿ ಕಾರ್ಡು ತಂದೆ. ಮಾಸ್ತರರೇ, ಅಂಬಿಗನನ್ನು ಉಳಿಸಿಕೊಡಿ ಎಂದು ಒಂದೇ ಮಾತನ್ನು ಬೇರೆಬೇರೆ ರೀತಿಯಲ್ಲಿ ಬರೆದೆ. ನಮ್ಮ ಜಗಲಿಯವರು, ಆಚೆ ಈಚೆ ಜಗಲಿಯವರು, ಎಲ್ಲರಿಂದಲೂ ಕೆಳಗೆ ಹೆಬ್ಬೆಟ್ಟು ಒತ್ತಿಸಿದೆ. ಶಾಯಿ ಬೇಕಾಗಲಿಲ್ಲ. ಹೊಗೆಸೊಪ್ಪಿನ ಬೆರಳನ್ನು ಸ್ವಲ್ಪ ಒದ್ದೆ ಮಾಡಿ ಒತ್ತಿದರೆ ಕಂದು ಗುರುತು ಚೆನ್ನಾಗಿಯೇ ಬೀಳುತ್ತಿತ್ತು. ಒಬ್ಬೊಬ್ಬರಿಗೆ ಒಂದರಂತೆ ಒಟ್ಟು ಮೂವತ್ತೊಂದು ಕಾರ್ಡು.

ಮಾಸ್ತರರು ಉತ್ತರ ಬರೆಯಲಿಲ್ಲ. ತಾವೇ ಬಂದರು. ಅರುವತ್ತನಾಲ್ಕರ ಮಾರ್ಚ್ ತಿಂಗಳ ಸುಡುಬಿಸಿಲಿನಲ್ಲಿ, ಮರ್ಕಂಜದಿಂದ ಎರಡು ಬಸ್ಸು ಬದಲಾಯಿಸಿ, ಕೊಡೆ ಹಿಡಿದುಕೊಂಡು. ಅಷ್ಟು ದೊಡ್ಡ ಹೊಳೆಯನ್ನು ಬೆಟ್ಟಕ್ಕೆ ಹರಿಸಿದವರು ಇಷ್ಟು ಸಣ್ಣ ಮನುಷ್ಯರೇ ಎಂದು ನಮಗೆ ಆಶ್ಚರ್ಯ. ಜಗಲಿಯಲ್ಲಿ ಕೂತು ಚೀಲದಿಂದ ಕಾರ್ಡಿನ ಕಟ್ಟು ತೆಗೆದರು.

“ನನಗೆ ನಾಲ್ಕು ದಿನ ಸೀನು ಬರಿಸಿದ್ದು ನೀವೇ ಅಲ್ವಾ?” ಎಂದು ಕೇಳಿದರು.

ಎಲ್ಲರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಧೈರ್ಯ ಮಾಡಿದ್ದು ಅಮ್ಮಕ್ಕ. “ಅಂಬಿಗನನ್ನು ಬಿಡಿ ಮಾರಾಯ್ರೆ. ಕಥೆಯಲ್ಲಿ ಆ ರಾಜ ಇದ್ದಾನಲ್ಲ, ಬೇಕಾದ್ರೆ ಅವನನ್ನು ಕೊಲ್ಲಿ. ಅವನಿಂದ ಯಾರಿಗೂ ಎಂತ ಉಪಕಾರ ಇಲ್ಲ.”

ಮಾಸ್ತರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಅಮ್ಮ ಮಾತ್ರ ತಲೆ ಎತ್ತದೆ ಒಂದು ಪ್ರಶ್ನೆ ಕೇಳಿದರು. “ಅವನಿಗೆ ಈಜ್ಲಿಕ್ಕೆ ಬರ್ತದಾ?”

ಮಾಸ್ತರರು ಅಮ್ಮನ ಕೈಯ ಬಳೆಗಳನ್ನೇ ನೋಡುತ್ತಾ ಕುಳಿತರು. ನಮ್ಮ ಮನೆಯ ವಿಷಯ ಅವರಿಗೆ ಬಸ್ಸು ಇಳಿದಲ್ಲೇ ಯಾರೋ ಹೇಳಿರಬೇಕು.

ಬಸ್ಸಿನವರೆಗೆ ಬಿಟ್ಟುಬರಲು ನಾನು ಹೋದೆ. ದಾರಿಯಲ್ಲಿ ಅವರು ಹೇಳಿದರು, “ಏಳನೆಯದ್ದು ಬರೆದು ಮುಗಿದಿತ್ತು ಮಗಾ. ಕೃಷ್ಣಮೋಹನನ ಪ್ರೆಸ್ಸಿಗೆ ಕೊಟ್ಟೂ ಆಗಿತ್ತು. ನಿಮ್ಮ ಕಾರ್ಡು ಬಂತು, ವಾಪಸು ತಂದೆ.” ಸ್ವಲ್ಪ ದೂರ ನಡೆದ ಮೇಲೆ, “ಅಂಬಿಗ ಸಾಯಬಾರದು ಅಂತ ಮೊದಲು ಹೇಳಿದ್ದು ಯಾರು? ನಿನ್ನ ಅಮ್ಮನಾ?” ಎಂದು ಕೇಳಿದರು.

ನಾನು ಹೌದು ಎಂದೆ.

ಸಭಿಕರೇ, ಅದು ಸುಳ್ಳು. ಅಮ್ಮ ಹಾಗೆ ಹೇಳಿರಲಿಲ್ಲ. ಅಮ್ಮನ ಹೆಬ್ಬೆಟ್ಟು ಕೂಡ ಆ ಕಾರ್ಡುಗಳಲ್ಲಿ ಇರಲಿಲ್ಲ. ಕಾರ್ಡು ಮುಂದೆ ಹಿಡಿದಾಗ ಅವರು ಬೆರಳನ್ನು ಸೆರಗಿನಲ್ಲಿ ಚೆನ್ನಾಗಿ ಒರೆಸಿ ಒತ್ತಿದರು. ಗುರುತೇ ಬೀಳಲಿಲ್ಲ. ಮರೆತು ಒರೆಸಿದ್ದಾರೆ ಎಂದುಕೊಂಡು ಆ ಜಾಗದಲ್ಲಿ ನನ್ನದೇ ಹೆಬ್ಬೆಟ್ಟು ಒತ್ತಿ ಅಂಚೆ ಡಬ್ಬಿಗೆ ಹಾಕಿದೆ.

ಆಮೇಲಿನದನ್ನು ತಿಮ್ಮಕ್ಕ ನನಗೆ ಕಳೆದ ತಿಂಗಳು ಹೇಳಿದರು. ಬಳಗದ ಪರವಾಗಿ ಮರ್ಕಂಜಕ್ಕೆ ಹೋದಾಗ ಹಳೆಯ ಪ್ರತಿ ಎಲ್ಲಿದೆ ಎಂದು ಕೇಳಿದೆ. “ನಾನೇ ಒಲೆಗೆ ಹಾಕಿದ್ದು ಮಗಾ. ಇದು ಬೇಡ ಅಂತ ಅವರೇ ಕೊಟ್ರು. ನನಗೆ ಓದ್ಲಿಕ್ಕೆ ಬರುದಿಲ್ಲ. ಆ ದಿನ ಮೀಯುವ ನೀರು ಬೇಗ ಬಿಸಿ ಆಯ್ತು,” ಎಂದರು. ಆಮೇಲೆ ಮಾಸ್ತರರು ದಿನವೂ ಬರೆಯುವುದು, ದಿನವೂ ಹರಿಯುವುದು. ಹೊಳೆಯ ಮಾತನ್ನೂ ಮುರಿಯಬಾರದು, ಅಂಬಿಗನನ್ನೂ ಉಳಿಸಬೇಕು. ಅದಕ್ಕೆ ದಾರಿಯೇ ಇರಲಿಲ್ಲ. ಎದೆನೋವು ಶುರುವಾದ ಮೇಲೂ ಬರೆದರು. ಉಪ್ಪಿನಂಗಡಿಯ ಆ ಹೆಂಗಸಿಗೆ ಮಾತು ಕೊಟ್ಟ ಹಾಗೆ ಆಗಿದೆ ಎನ್ನುತ್ತಿದ್ದರಂತೆ. ಒಂದು ವರ್ಷ ಒಂಬತ್ತು ತಿಂಗಳಲ್ಲಿ ಉಳಿದದ್ದು ಹನ್ನೊಂದು ಪುಟ.

ತಿಮ್ಮಕ್ಕ, ಆ ದಿನ ನೀರು ಬಿಸಿ ಮಾಡಿದ್ದು ನೀವಲ್ಲ, ನಾನು. ಅದನ್ನು ನಿಮ್ಮ ಮನೆಯಲ್ಲೇ ಹೇಳಬೇಕಿತ್ತು.

ಹೋದ ಆದಿತ್ಯವಾರ, ತಿಮ್ಮಕ್ಕ ಕೊಟ್ಟ ಆ ಹನ್ನೊಂದು ಪುಟಗಳನ್ನು ಜಗಲಿಯಲ್ಲಿ ಓದಿದೆ. ಕೊನೆಯ ಸಾಲು ಹೀಗಿದೆ: ‘ಅಂಬಿಗ ನಡುಹೊಳೆಯಲ್ಲಿ ಜಲ್ಲೆ ಇಳಿಸಿದ. ನೆಲ ಸಿಗಲಿಲ್ಲ. ಆಮೇಲೆ’. ಅಷ್ಟೆ. ಆಮೇಲೆ ಎಂಬುದರ ಮುಂದೆ ಚುಕ್ಕಿಯೂ ಇಲ್ಲ.

ಎಲ್ಲರೂ ಕಾದರು. ನಾನು ಇಷ್ಟೇ ಇರುವುದು ಎಂದೆ. ಎಲ್ಲರೂ ಎದ್ದುಹೋದ ಮೇಲೆ ಅಮ್ಮನಿಗೆ ನಿಜ ಹೇಳಿದೆ: ಕಾರ್ಡಿನದ್ದು, ಹೆಬ್ಬೆಟ್ಟಿನದ್ದು, ಬಸ್ಸಿನ ದಾರಿಯಲ್ಲಿ ಹೇಳಿದ ಸುಳ್ಳಿನದ್ದು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೀಡಿ ಎಲೆಯ ಗೆರಸೆಯನ್ನು ಬದಿಗಿಟ್ಟರು. ಅಮ್ಮ ತುಳುವಿನಲ್ಲಿ ಹೇಳಿದ್ದನ್ನು ನನ್ನ ಅಭ್ಯಾಸದ ಹಾಗೆ ಕನ್ನಡದಲ್ಲಿ ಹೇಳುತ್ತೇನೆ.

“ಅವನು ಸಾಯ್ತಾನೆ ಅಂತ ನನಗೆ ಗೊತ್ತಿತ್ತು. ಅವನು ಸತ್ತ ದಿನ, ಎಲ್ಲರೂ ಅಳುವಾಗ, ನಾನೂ ಒಟ್ಟಿಗೆ ಅತ್ತು ಮುಗಿಸುವ ಅಂತ ಇದ್ದೆ. ಒಬ್ಬಳೇ ಕೂತು ಅಳ್ಲಿಕ್ಕೆ ನನಗೆ ಆಗುದಿಲ್ಲ ಮಗಾ.”

ಹತ್ತು ವರ್ಷ ನಾನು ಅವರಿಗೆ ಕಥೆ ಓದಿದ್ದೇನೆ. ಅವರ ಕೈ ನಿಧಾನವಾಗುವುದನ್ನು ನೋಡಿದ್ದೇನೆ. ಅವರು ಏನನ್ನು ಕಾಯುತ್ತಿದ್ದಾರೆ ಎಂದು ಒಂದು ದಿನ ಕೇಳಲಿಲ್ಲ. ಅವರಿಗೆ ಬೇಕಾದ ಕೊನೆ ಬರೆದು ಮುಗಿದಿತ್ತು, ಪ್ರೆಸ್ಸಿಗೂ ಹೋಗಿತ್ತು. ಅದನ್ನು ನಾನು ಸುಡಿಸಿದೆ. ಅವರಿಗೆ ಬೇಡದ ಕೊನೆಯನ್ನು ಹುಡುಕುತ್ತಾ ಒಬ್ಬ ಒಳ್ಳೆಯ ಮನುಷ್ಯ ಸೋತುಹೋದರು.

ಆದ್ದರಿಂದ ಅಧ್ಯಕ್ಷರೇ, ಉತ್ತರ ಇದು: ನಾನು ಬರೆಯುವುದಿಲ್ಲ. ಬಿ.ಎ.ಯಲ್ಲಿ ಎಷ್ಟು ಅಂಕ ಬಂದರೂ ಬರೆಯುವುದಿಲ್ಲ. ಬೇರೆಯವರಿಂದಲೂ ಬರೆಸಬೇಡಿ. ಕೃಷ್ಣಮೋಹನರೇ, ಆ ಹನ್ನೊಂದು ಪುಟಗಳನ್ನು ಇದ್ದ ಹಾಗೆ ಅಚ್ಚು ಹಾಕಿ. ಆಮೇಲೆ ಎಂಬಲ್ಲಿ ನಿಲ್ಲಿಸಿ. ನಿಮ್ಮ ಪ್ರೆಸ್ಸಿನವರು ಅಭ್ಯಾಸದಲ್ಲಿ ಚುಕ್ಕಿ ಇಟ್ಟಾರು, ನೋಡಿಕೊಳ್ಳಿ.

ಶಿವರಾತ್ರಿ ಕಳೆದ ಮೇಲೆ ನನ್ನ ಅಪ್ಪನ ಬೊಜ್ಜ. ಅಮ್ಮನೇ ದಿನ ಗೊತ್ತು ಮಾಡಿದ್ದಾರೆ. ಊಟದ ಮೊದಲು ಆ ಹನ್ನೊಂದು ಪುಟಗಳನ್ನು ಇನ್ನೊಮ್ಮೆ ಓದಬೇಕು ಎಂದಿದ್ದಾರೆ. ಅಮ್ಮಕ್ಕ ಬರುತ್ತಾರೆ, ಮೂರು ಜಗಲಿಯವರೂ ಬರುತ್ತಾರೆ. ತಿಮ್ಮಕ್ಕ, ನೀವೂ ಬರಬೇಕು ಎಂದು ಅಮ್ಮ ಹೇಳಿ ಕಳಿಸಿದ್ದಾರೆ. ನಾನು ಕೊನೆಯ ಸಾಲು ಓದುತ್ತೇನೆ. ಅದನ್ನೇ ತುಳುವಿನಲ್ಲಿ ಹೇಳುತ್ತೇನೆ. ನಿಲ್ಲಿಸುತ್ತೇನೆ. ಆಮೇಲಿನದನ್ನು ಅಮ್ಮ ನೋಡಿಕೊಳ್ಳುತ್ತಾರೆ.

ನನ್ನನ್ನು ಇಷ್ಟು ಹೊತ್ತು ಸಹಿಸಿದ ನಿಮಗೂ, ನನ್ನ ಪಾಲಿನ ಬೀಡಿ ಕಟ್ಟಿದವರಿಗೂ ಕೃತಜ್ಞತೆಗಳು. ಮೇದಪ್ಪ ಮಾಸ್ತರರಿಗೆ, ಮೂವತ್ತು ಹೆಬ್ಬೆಟ್ಟುಗಳ ಪರವಾಗಿ ಮತ್ತು ಒಂದು ಸುಳ್ಳು ಹೆಬ್ಬೆಟ್ಟಿನ ಪರವಾಗಿ, ನಮಸ್ಕಾರ.