ನೀರು ನಿಲ್ಲಿಸಿದ ಸೊಸೆ

ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಬಹುಮಾನದ ಹಣ್ಣಿನ ಬುಟ್ಟಿಯ ಮೇಲೇ ಕಣ್ಣಿಟ್ಟು ಕೂತಿರುವ ಸಭಿಕರೇ,

ಹಣ್ಣು ಬೆಳೆಗಾರರ ಸಂಘದ ಈ ವಾರ್ಷಿಕ ಸಭೆಯಲ್ಲಿ ಅತ್ಯುತ್ತಮ ಕಿತ್ತಳೆಯ ಬಹುಮಾನ ನನ್ನ ಸೊಸೆಗೆ ಬಂದಿದೆ. ಅವಳಿಗೆ ಮೈಕ್ ಕಂಡರೆ ಆಗದು, ನನಗೆ ಮೈಕ್ ಸಿಕ್ಕರೆ ಬಿಡಲಾಗದು. ಅದಕ್ಕೇ ಅವಳ ಪರವಾಗಿ ಎರಡು ಮಾತಾಡಲು ನನ್ನನ್ನು ಕರೆದಿದ್ದೀರಿ. ಎರಡಕ್ಕೇ ನಿಲ್ಲಿಸುತ್ತೇನೆಂದು ನಾನು ಭರವಸೆ ಕೊಟ್ಟಿಲ್ಲ.

ಈ ಹಣ್ಣು ಇಷ್ಟು ಸಿಹಿಯಾದದ್ದು ಹೇಗೆ? ನೀರು ಹೊಯ್ದದ್ದರಿಂದಲೇ? ಅಲ್ಲ. ಗೊಬ್ಬರ ಸುರಿದದ್ದರಿಂದಲೇ? ಖಂಡಿತ ಅಲ್ಲ. ಹೊಯ್ದವಳೂ ಸುರಿದವಳೂ ನಾನು. ನನ್ನ ಕೈಯಲ್ಲಿ ಗಿಡದ ತುಂಬ ಎಲೆಯೋ ಎಲೆ. ಹಣ್ಣು ಅಂಗೈ ತುಂಬುತ್ತಿತ್ತು. ಸುಲಿದರೆ ದಪ್ಪ ಸಿಪ್ಪೆ, ಸಪ್ಪೆ ತೊಳೆ. ಅವು ನನ್ನ ಮಗ ನೆಟ್ಟ ಗಿಡಗಳು. ಅವನು ತೀರಿಕೊಂಡ ಮೇಲೆ ಅವುಗಳಲ್ಲಿ ಒಂದನ್ನೂ ಒಂದು ದಿನವೂ ಬಾಡಲು ನಾನು ಬಿಡಲಿಲ್ಲ. ಯಾಕೆಂದು ನೀವು ಕೇಳಬೇಡಿ, ನಾನು ಹೇಳುವುದೂ ಇಲ್ಲ.

ಸೊಸೆ ತೋಟ ವಹಿಸಿಕೊಂಡಳು. ಒಂದು ಬೆಳಿಗ್ಗೆ ನೀರೇ ನಿಲ್ಲಿಸಿಬಿಟ್ಟಳು!

"ಯಾಕಮ್ಮಾ, ಗಿಡಗಳನ್ನ ಸಾಯಿಸ್ಬೇಕು ಅಂತಿದ್ದೀಯಾ?" ಎಂದೆ.

"ಸಾಯಲ್ಲ ಅತ್ತೆ. ಹೂ ಬಿಡೋಕೆ ಮುಂಚೆ ಸ್ವಲ್ಪ ದಿನ ಬಾಯಾರ್ಬೇಕು. ಇಲ್ದಿದ್ರೆ ಬರೀ ಎಲೆ ಬಿಡ್ತಾ ಕೂತಿರುತ್ತೆ" ಎಂದಳು.

ಎಲೆಗಳು ಮುದುಡಿದವು. ಅವಳೊಡನೆ ಮಾತು ಬಿಟ್ಟೆ. ನನ್ನಂಥವಳು ಮಾತು ಬಿಟ್ಟರೆ ಶಿಕ್ಷೆ ಯಾರಿಗೆ, ನೀವೇ ಹೇಳಿ! ಆಮೇಲೆ ಅವಳು ನೀರು ಬಿಟ್ಟಳು, ಗೊಬ್ಬರ ಕೊಟ್ಟಳು, ಎರಡನ್ನೂ ಅಳೆದು. ತೋಟವೆಲ್ಲ ಹೂವು! ಆ ಪರಿಮಳಕ್ಕೆ ಮಾತು ಬಿಟ್ಟವಳಿಗೂ ಮಾತು ಬಂತು. ಕಾಯಿ ಕಚ್ಚಿದ ಮೇಲೆ ಮಾತ್ರ ಅವಳು ನೀರು ತಪ್ಪಿಸಲಿಲ್ಲ. ಒಣಗಿಸಿ ಒಮ್ಮೆಲೇ ಹಾಯಿಸಿದರೆ ಕಾಯಿ ಬಿರಿಯುತ್ತದಂತೆ.

ಈ 'ಅಂತೆ'ಗಳನ್ನೆಲ್ಲ ಹೇಳಿಕೊಟ್ಟವರು ಮಣ್ಣು ಪರೀಕ್ಷೆಯವರು. ಮೂರನೇ ಸಾಲಿನ ತುದಿಯಲ್ಲಿ ಒಬ್ಬರು ತಲೆ ತಗ್ಗಿಸಿ ಕೂತಿದ್ದಾರಲ್ಲ, ಅವರೇ. ಸಭಿಕರೇ, ನೀವು ಮಣ್ಣು ಪರೀಕ್ಷೆ ಎಷ್ಟು ಸಲ ಮಾಡಿಸುತ್ತೀರಿ? ವರ್ಷಕ್ಕೊಮ್ಮೆ? ನಮ್ಮ ತೋಟಕ್ಕೆ ಇವರು ವಾರ ವಾರವೂ ಬರುತ್ತಾರೆ! ಬೇಲಿಯ ಹತ್ತಿರವೇ ನಿಂತು ಅವಳೊಡನೆ ಮಾತಾಡಿ, ಚೀಲಕ್ಕೆ ಮಣ್ಣು ತುಂಬಿಕೊಂಡು ಹೋಗುತ್ತಾರೆ. ಹೀಗೇ ಆದರೆ ನಮಗೆ ಗಿಡ ಉಳಿದೀತು, ಮಣ್ಣು ಉಳಿಯದು.

ನಗಬೇಡಿ. ಸೊಸೆಯೂ ಅವರನ್ನು ಒಳಗೆ ಕರೆಯುವುದಿಲ್ಲ. ಯಾಕೆಂದು ಹೋದ ವಾರ ಕೇಳಿದೆ. "ಆಮೇಲೆ ನೀವೊಬ್ರೇ ಆಗ್ತೀರಲ್ಲ ಅತ್ತೆ" ಎಂದು ಕತ್ತರಿ ಹಿಡಿದು ತೋಟಕ್ಕೆ ಹೋದಳು.

ಇದನ್ನು ಇಲ್ಲಿ ಹೇಳಬೇಕೆಂದು ಬಂದವಳಲ್ಲ ನಾನು. ಬಾಯಿಗೆ ಬಂದುಬಿಟ್ಟಿದೆ, ಹೇಳಿಯೇಬಿಡುತ್ತೇನೆ. ನನಗೆ ಭಯವಿದೆ. ಮಗನಿಲ್ಲದ ಮನೆಯಲ್ಲಿ ಇವಳೂ ಇಲ್ಲದಿದ್ದರೆ ನಾನು ಯಾರೊಡನೆ ಜಗಳವಾಡಲಿ? ಆದರೆ ಬಾಯಾರಿಸಿದ ಗಿಡಕ್ಕೆ ಹೊತ್ತಿಗೆ ಸರಿಯಾಗಿ ನೀರು ಬಿಡದಿದ್ದರೆ ಅದು ಹೂ ಬಿಡುವುದಿಲ್ಲ, ಕಟ್ಟಿಗೆಯಾಗುತ್ತದೆ. ನನ್ನೊಬ್ಬಳ ಜಗಳದ ಸುಖಕ್ಕೆ ಈ ಹುಡುಗಿ ಕಟ್ಟಿಗೆಯಾಗಬೇಕೇ?

ವೇದಿಕೆಯ ಮೇಲೆ ಕೂತು ಬೇಡವೆಂದು ತಲೆಯಾಡಿಸಬೇಡಮ್ಮಾ. ನೀನು ಎಲ್ಲಿದ್ದರೂ ನನ್ನವಳೇ.

ಮಣ್ಣು ಪರೀಕ್ಷೆಯವರೇ, ತಲೆ ಎತ್ತಿ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ. ಚೀಲ ತರಬೇಡಿ. ಮುಂಬಾಗಿಲಿನಿಂದಲೇ ಬನ್ನಿ, ಬಾಗಿಲು ನಾನೇ ತೆಗೆಯುತ್ತೇನೆ.

ಅಧ್ಯಕ್ಷರೇ, ಬಹುಮಾನವನ್ನು ಸ್ವಲ್ಪ ತಡೆದು ಕೊಡಿ, ಅವಳು ಕಣ್ಣೊರೆಸಿಕೊಳ್ಳಲಿ. ನನಗೂ ಒಂದು ಕರವಸ್ತ್ರ ಬೇಕು. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.